ಗಂಗೆಗೆ ಬೆನ್ನು ಮಾಡದ ಅತ್ತೆ

ರೋಮಿಗೆ ಹೋಗಿ ಬಂದವಳು ಎಂದು ಗೊತ್ತಾದರೆ ಸಾಕು, ಏನೇನು ನೋಡಿದಿರಿ ಎಂದು ಜನ ಕೇಳುತ್ತಾರೆ. ಕೊಲೋಸಿಯಂ, ಪ್ಯಾಂಥಿಯನ್, ವ್ಯಾಟಿಕನ್ ಎಂದು ಮಗ್ಗಿಯಂತೆ ಒಪ್ಪಿಸಿ ಕೈತೊಳೆದುಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಅಲ್ಲಿ ನಾನು ಹೆಚ್ಚಾಗಿ ನೋಡಿದ್ದು ನಮ್ಮ ಅತ್ತೆಯನ್ನು.

ಪಾಂಡವಪುರದಲ್ಲಿ ನಮ್ಮದೊಂದು ಸಿಮೆಂಟಿನ ಅಂಗಡಿ. ಹೆಚ್ಚು ಮೂಟೆ ಮಾರಿದ ಡೀಲರುಗಳನ್ನು ಕಂಪನಿಯವರು ಜೋಡಿಯಾಗಿ ಫಾರಿನ್ನಿಗೆ ಕರೆದುಕೊಂಡು ಹೋಗುತ್ತಾರೆ. ಆ ಸಲ ರೋಮ್ ಎಂದು ಕೇಳಿ ನಮ್ಮ ಯಜಮಾನರು ಹಟ ಹಿಡಿದು ಮಾರಿದರು. ಟಾರ್ಗೆಟ್ಟೇನೋ ಮುಟ್ಟಿತು, ಆದರೆ ಟಿಕೆಟ್ ಬರುವ ಮೊದಲೇ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಕಂಪನಿಯವರು ಮುಂದಿನ ವರ್ಷದ ತಂಡದಲ್ಲಿ ಆ ಎರಡು ಸೀಟು ಉಳಿಸಿಟ್ಟರು. ಅಷ್ಟರಲ್ಲಿ ಅಂಗಡಿಯಲ್ಲಿ ನಾನು ಕೂರುತ್ತಿದ್ದೆ. ಗಂಡನ ವರ್ಷದ ತಿಥಿ ಮುಗಿದಿದ್ದೇ ತಡ ವಿಮಾನ ಹತ್ತುತ್ತಾಳಂತೆ ಎಂದು ಬೀದಿಯಲ್ಲಿ ಮಾತಾಯಿತು. ಊರ ಬಾಯಿಗೆ ಮುಚ್ಚಳ ಹಾಕಲಾಗುತ್ತದೆಯೇ? ನನಗೂ ರೇಗಿ, ಹೋಗುವುದೇ ಬೇಡ ಎಂದುಬಿಟ್ಟೆ. ಕೊಟ್ಟಿಗೆಯಲ್ಲಿದ್ದ ಅತ್ತೆ ಸಗಣಿ ಕೈಯಲ್ಲೇ ಬಂದರು.

"ನನ್ ಮಗ ಗೇದು ಸಂಪಾದ್ಸಿದ ಸೀಟು ಕಣಮ್ಮಿ. ಅದ್ರಲ್ಲಿ ಬೇರೆಯೋರ್ಯಾಕೆ ಕುಂತ್ಕಬೇಕು? ನಡಿ, ನಾನೂ ಬತ್ತೀನಿ. ಬಂದ್ಮೇಲೆ ಅರಕೆರೆಗೆ ಹೊಂಟೋಯ್ತೀನಿ."

ಅರಕೆರೆಯಲ್ಲಿರುವುದು ನನ್ನ ನಾದಿನಿಯ ಮನೆ. ಮಗನೇ ಇಲ್ಲದ ಮೇಲೆ ಸೊಸೆಗೆ ಭಾರವಾಗಬಾರದು, ಮಗಳ ಹತ್ತಿರ ಇದ್ದುಬಿಡಬೇಕು ಎಂಬುದು ಅತ್ತೆಯ ಲೆಕ್ಕ. ನಮಗೆ ಮಕ್ಕಳಿಲ್ಲ. ಅತ್ತೆ ಹೋದರೆ ಆ ಮನೆಗೆ ನಾನು ಮತ್ತು ಎರಡು ಹಸು ಅಷ್ಟೆ. ಇಲ್ಲೇ ಇರಿ ಎಂದು ಹೇಳಬೇಕು. ಲೋಡು ತಡವಾದರೆ ಲಾರಿ ಡ್ರೈವರನ ಜನ್ಮ ಜಾಲಾಡುವ ನನ್ನ ಬಾಯಿಗೆ ಅಷ್ಟು ಸಣ್ಣ ಮಾತು ಬರಲಿಲ್ಲ. ಮೊಮ್ಮಕ್ಕಳಿರುವ ಮನೆಗೆ ಹೋಗುತ್ತೇನೆ ಎನ್ನುವವರನ್ನು ತಡೆಯಲು ನಾನು ಯಾರು ಎಂದೂ ಅನ್ನಿಸುತ್ತಿತ್ತು.

ಹಸು ನೋಡಿಕೊಳ್ಳಲು ನಾದಿನಿಯೇ ಬಂದಳು. ಡೀಲರುಗಳೆಲ್ಲ ಮೈಸೂರಿನಲ್ಲಿ ಸೇರಬೇಕಿತ್ತು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಬಸ್ಸಿನ ಕಿಟಕಿಯಿಂದ ಕಾವೇರಿಗೆ ಕಾಸು ಹಾಕಿ ಕೈಮುಗಿಯುವುದು ನಮ್ಮ ಕಡೆಯ ರೂಢಿ. ಜೊತೆಗೆ ಬರಲಾಗದವರ ಹೆಸರಲ್ಲೂ ಹಾಕುವುದುಂಟು. ಮಗನ ಹೆಸರಲ್ಲಿ ಹಾಕದೆ ಅತ್ತೆ ಎಂದೂ ಹೊಳೆ ದಾಟಿದವರಲ್ಲ. ಮಗ ಹೋದ ಮೇಲೆ ನಿಲ್ಲಿಸಿಬಿಟ್ಟಿದ್ದರು. ಆ ದಿನವೂ ಸುತ್ತಲಿನ ಹೆಂಗಸರು ಚಿಲ್ಲರೆ ತಡಕುವಾಗ ಅತ್ತೆ ಮಾತ್ರ ಡ್ರೈವರನ ಬೆನ್ನನ್ನೇ ನೋಡುತ್ತ ಕುಳಿತಿದ್ದರು.

"ಇಷ್ಟು ವರ್ಸ ಹಾಕಿದ್ದು ಸಾಲ್ದಾ ಅವ್ಳಿಗೆ?" ಎಂದರು.

ರೋಮಿನಲ್ಲಿ ಅವರಿಗೆ ಯಾವುದೂ ಸುಲಭಕ್ಕೆ ಹಿಡಿಸಲಿಲ್ಲ. ಕೊಲೋಸಿಯಂ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು, "ಅರ್ಧಕ್ಕರ್ಧ ಬಿದ್ದೋಗದೆ. ನಮ್ ಪಟ್ಣದ ಕೋಟೆನೂ ಇಂಗೇ ಬಿದ್ದದೆ, ಅಲ್ಯಾರು ಟಿಕೀಟು ಕೇಳಾರು?" ಎಂದರು. ಹಿಂದೆ ಇಲ್ಲಿ ಮನುಷ್ಯರನ್ನು ಸಿಂಹದ ಜೊತೆ ಕಾದಾಡಿಸಿ ನೋಡುತ್ತಿದ್ದರಂತೆ ಎಂದೆ. "ನೋಡ್ದೋರು ಉದ್ದಾರ ಆದ್ರಾ?" ಎಂದು ಬಸ್ಸಿನ ಕಡೆ ತಿರುಗಿದರು.

ಪ್ಯಾಂಥಿಯನ್ನಿನಲ್ಲಿ ಬಾಯಿ ಬಿಟ್ಟವಳು ನಾನು. ಅಷ್ಟು ದೊಡ್ಡ ಗುಮ್ಮಟ, ಒಳಗೆ ಒಂದು ಕಬ್ಬಿಣದ ಸರಳಿಲ್ಲ, ನಡುನೆತ್ತಿಯಲ್ಲಿ ಬಯಲಿಗೆ ತೆರೆದ ಕಿಂಡಿ. ಯಜಮಾನರು ನೋಡಿದ್ದರೆ ಊರಿಗೆ ಬಂದು ಮೇಸ್ತ್ರಿಗಳ ತಲೆ ತಿಂದುಹಾಕುತ್ತಿದ್ದರು. ಅವರಿಲ್ಲದೆ ನೋಡುತ್ತಿದ್ದೇನಲ್ಲ ಎಂದು ಸಂಕಟವಾಯಿತು. ಅತ್ತೆ ಮೇಲೆ ನೋಡಿ, "ಮಳೆ ಬಂದ್ರೆ?" ಎಂದರು. ನೆಲದಲ್ಲಿ ನೀರು ಹೋಗಲು ತೂತುಗಳಿವೆ ಎಂದು ತೋರಿಸಿದೆ. ಸರಿ ಎಂಬಂತೆ ತಲೆ ಆಡಿಸಿದರು.

ವ್ಯಾಟಿಕನ್ನಿನ ದೊಡ್ಡ ಇಗರ್ಜಿಯೊಳಗೆ ಸಂತರೊಬ್ಬರ ಕಂಚಿನ ವಿಗ್ರಹವಿದೆ. ಭಕ್ತರು ಮುಟ್ಟಿ ಮುಟ್ಟಿ ಅದರ ಪಾದದ ಬೆರಳುಗಳೇ ಸವೆದು ಒಂದಾಗಿವೆ. ಅತ್ತೆ ಸಾಲಿನಲ್ಲಿ ನಿಂತು, ಮುಟ್ಟಿ, ಕಣ್ಣಿಗೊತ್ತಿಕೊಂಡರು. ಆ ಊರಲ್ಲಿ ಅವರಿಗೆ ಮೊದಲು ಹಿಡಿಸಿದ್ದು ಆ ಪಾದ.

ಕೊನೆಗೆ ಟ್ರೆವಿ ಕಾರಂಜಿ. ದೊಡ್ಡ ಅರಮನೆಯೊಂದರ ಗೋಡೆಗೇ ಅಂಟಿಕೊಂಡ ನೀರಿನ ಕೊಳ, ಸುತ್ತ ಜನವೋ ಜನ. ಕೊಳಕ್ಕೆ ಬೆನ್ನು ಮಾಡಿ ನಿಂತು, ಬಲಗೈಯಿಂದ ಎಡಹೆಗಲ ಮೇಲೆ ಕಾಸು ಎಸೆದರೆ ಎಸೆದವರು ಅಲ್ಲಿಗೆ ತಿರುಗಿ ಬರುತ್ತಾರಂತೆ. ಗೈಡ್ ಹೇಳಿದ್ದನ್ನು ಅತ್ತೆಗೆ ಹೇಳಿದೆ.

"ಗಂಗೆಗೆ ಬೆನ್ನು ಮಾಡದಾ? ಬುಡ್ತು ಅನ್ನು," ಎಂದರು. "ಇಲ್ಲಿಗೆ ತಿರ್ಗ ಬಂದು ನಾನೇನು ನಾಟಿ ಹಾಕ್ಬೇಕಾ?"

ಅಲ್ಲಿನ ನಾಣ್ಯ ಕೊಡಹೋದರೆ ಬೇಡವೆಂದರು. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಎಲೆಅಡಿಕೆ ಸಂಚಿಯಿಂದ ನಮ್ಮದೇ ಒಂದು ರೂಪಾಯಿ ತೆಗೆದರು. ಹೊರಡುವ ದಿನ ಅಂಗಡಿಯ ಗಲ್ಲಾದಿಂದ ತಂದದ್ದಂತೆ. ನೀರಿಗೆ ಎದುರಾಗಿ ನಿಂತು ಅದನ್ನು ಹಣೆಗೆ ಮುಟ್ಟಿಸಿಕೊಂಡರು.

"ಬರಕ್ಕಾಗ್ದೇ ಇರೋನ ಹೆಸ್ರಲ್ಲಿ ಕಣವ್ವ. ಎಲ್ಲಿದ್ರೂ ತಣ್ಣಗಿರ್ಲಿ."

ಕಾಸು ನೀರಿಗೆ ಬಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತರು. ಮಗನ ಮಣ್ಣಿನಲ್ಲೂ ಅಳದೆ ಕಲ್ಲಾಗಿದ್ದ ಹೆಂಗಸು ಅವರು. ಫೋಟೊ ತೆಗೆಯುತ್ತಿದ್ದವರು ಸುಮ್ಮನೆ ಜಾಗ ಬಿಟ್ಟರು. ಯಾವ ದೇಶದವಳೋ ಒಬ್ಬಳು ಕಾಗದದ ಕರವಸ್ತ್ರ ಕೊಟ್ಟು ಬೆನ್ನು ಸವರಿ ಹೋದಳು.

ಅತ್ತೆ ಮೂಗು ಒರೆಸಿಕೊಳ್ಳುವಾಗ ನಾನು ಗೈಡ್ ಹೇಳಿದಂತೆ ಕಾರಂಜಿಗೆ ಬೆನ್ನು ಮಾಡಿ ಒಂದು ಕಾಸು ಎಸೆದೆ.

"ನಿಂಗೆ ಇಲ್ಲಿಗೆ ತಿರ್ಗ ಬರ್ಬೇಕಾ?" ಎಂದರು.

"ನಾನಲ್ಲ ಅತ್ತೆ. ನೀವು ಅರಕೆರೆಯಿಂದ ತಿರ್ಗ ಬರ್ಬೇಕು ಅಂತ."

ಅಷ್ಟು ದಿನ ಗಂಟಲಲ್ಲಿದ್ದದ್ದು ಹೇಗೆ ಹೊರಬಂತೋ ಕಾಣೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆ ನಡೆದರು.

ಊರಿಗೆ ಬಂದ ಮಾರನೇ ವಾರವೇ ಬ್ಯಾಗು ಕಟ್ಟಿದರು. ಅರಕೆರೆ ಬಸ್ಸು ಹತ್ತಿಸಿ ಬರೋಣವೆಂದು ಶ್ರೀರಂಗಪಟ್ಟಣದವರೆಗೆ ನಾನೂ ಹೊರಟೆ. ಕಿಟಕಿ ಪಕ್ಕ ಅವರು, ಈಚೆಗೆ ನಾನು. ಕೇಳಿದ್ದಕ್ಕೆ ಉತ್ತರವೇ ಕೊಡದೆ ಹೊರಟರಲ್ಲ ಎಂದು ಒಳಗೊಳಗೇ ಸಿಟ್ಟು, ಅದಕ್ಕಿಂತ ಹೆಚ್ಚು ಅಳು. ಸೇತುವೆ ಬಂತು. ಅತ್ತೆ ನನ್ನ ಮುಂದೆ ಕೈ ಚಾಚಿದರು.

"ಒಂದ್ ಕಾಸು ಕೊಡಮ್ಮಿ."

ಕೊಟ್ಟೆ. ಕಾವೇರಿಗೆ ಕೈಮುಗಿದು, "ತಪ್ಪು ತಿಳ್ಕಬ್ಯಾಡ ಕಣವ್ವ ತಾಯಿ," ಎಂದರು. ಆಮೇಲೆ ಸೀಟಿನಲ್ಲೇ ತಿರುಗಿ, ಹೊಳೆಗೆ ಬೆನ್ನು ಮಾಡಿ, ಹೆಗಲ ಮೇಲಿಂದ ಕಾಸು ಎಸೆದರು. ಅದು ಕಿಟಕಿಯ ಸರಳಿಗೆ ಬಡಿದು ಹಿಂದಿನ ಸೀಟಿನವಳ ಮಡಿಲಿಗೆ ಬಿತ್ತು.

"ಇದೇನಜ್ಜಿ, ಇಂಗೂ ಹಾಕಾರಾ?" ಎಂದು ನಗುತ್ತ ಆಕೆ ವಾಪಸು ಕೊಟ್ಟಳು.

"ತಿರ್ಗ ಬರೋರು ಇಂಗೇ ಹಾಕದು," ಎಂದರು ಅತ್ತೆ. ಎರಡನೇ ಸಲ ಕಾಸು ಹೊರಗೆ ಹೋಯಿತು.

ಹೊಳೆಗೆ ಬೆನ್ನು ಮಾಡಿದ್ದರಿಂದ ಅವರ ಮುಖ ನನಗೆ ಎದುರಾಗಿತ್ತು.

"ಯಾಕಂಗ್ ನೋಡೀಯೆ? ಸ್ವಾಮ್ವಾರ ಬತ್ತೀನಿ. ಉಪ್ಸಾರು ಮಾಡಿಟ್ಟಿರು."