ಸಮುದ್ರಕ್ಕೆ ಹೊರಟ ಗಂಟು

ಬೇಸಿಗೆ ರಜ ಬಂತೆಂದರೆ ನಮ್ಮ ಬೀದಿಯಲ್ಲಿ ಯಾರಾದರೊಬ್ಬರು ಮದರಾಸಿಗೋ ಮಂಗಳೂರಿಗೋ ಹೊರಡುತ್ತಾರೆ. ಹೊರಡುವ ಮುಂಚೆ ನನ್ನ ಜಗಲಿಗೆ ಬಂದು ಕೂರುತ್ತಾರೆ.

"ಮೇಷ್ಟ್ರೇ, ನೀವು ಸಮುದ್ರ ಕಂಡೋರು. ಏನೇನು ತಗಂಡೋಗ್ಬೇಕು, ಎಂಗಿರ್ಬೇಕು, ವಸಿ ಏಳಿ."

ನಾನು ಹೇಳುತ್ತೇನೆ. ಹೆಂಗಸರು ರೇಷ್ಮೆ ಉಡುವುದು ಬೇಡ, ಉಪ್ಪುನೀರು ತಾಗಿದರೆ ಹಾಳಾಗುತ್ತದೆ, ಬೇಗ ಒಣಗುವ ನೂಲಿನ ಸೀರೆ ಇರಲಿ. ಹೊತ್ತು ಇಳಿದ ಮೇಲೆ ಹೋಗಿ, ಮಧ್ಯಾಹ್ನದ ಮರಳು ಅಂಗಾಲು ಸುಡುತ್ತದೆ. ಅಲೆಗೆ ಬೆನ್ನು ಕೊಟ್ಟು ನಿಲ್ಲಬೇಡಿ. ಅಲೆ ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳು ಜಾರುತ್ತದೆ. ಆಗ ಕೆಳಗೆ ನೋಡಿದರೆ ತಲೆ ತಿರುಗುತ್ತದೆ, ದೂರಕ್ಕೆ ನೋಡಿ. ನೆನೆದ ಬಟ್ಟೆಯನ್ನು ಸಿಹಿನೀರಿನಲ್ಲಿ ಜಾಲಿಸಿ ಒಣಗಿಸಿ. ಊರ ನೀರನ್ನು ಕಾಯಿಸದೆ ಕುಡಿಯಬೇಡಿ. ಜಟಕಾ ಹತ್ತುವ ಮುಂಚೆಯೇ ಬಾಡಿಗೆ ಮಾತಾಡಿ, ಹತ್ತಿದ ಮೇಲೆ ನಿಮ್ಮ ಮಾತು ನಡೆಯುವುದಿಲ್ಲ.

ಇಷ್ಟು ಬಲ್ಲವನು ಎಷ್ಟು ಸಲ ಹೋಗಿಬಂದಿರಬೇಕು ಎಂದು ಅವರಿಗೆ ಅನ್ನಿಸುತ್ತದೆ. ನಾನು ಸಮುದ್ರ ನೋಡಿದ್ದು ಎರಡು ಸಲ. ಆದರೆ ಮೂರನೆಯ ಸಲದ್ದೊಂದು ನೆನಪು ನನ್ನಲ್ಲಿದೆ, ಆ ಎರಡಕ್ಕಿಂತ ನಿಚ್ಚಳವಾಗಿ. ಅದರಲ್ಲಿ ನನ್ನ ಹೆಂಡತಿ ಮೊಣಕಾಲಿನವರೆಗೆ ಸೀರೆ ಎತ್ತಿ ಹಿಡಿದು ನೀರಿನಲ್ಲಿ ನಿಂತಿದ್ದಾಳೆ. ಕಾಲ ಕೆಳಗಿನ ಮರಳು ಜಾರಿತೆಂದು ನಗುತ್ತಿದ್ದಾಳೆ. ಸೀರೆಯ ಕೆಂಪಂಚು ನೆನೆದು ಕಪ್ಪಾಗಿದೆ.

ಅವಳು ಸಮುದ್ರ ನೋಡಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು.

ಮೈಸೂರಿನಲ್ಲಿ ಓದುವಾಗ ನಮಗೆ ಚರಿತ್ರೆ ಕಲಿಸಿದವರು ಒಂದು ಅಭ್ಯಾಸ ಹಿಡಿಸಿದ್ದರು. ಯಾರು ಏನು ಹೇಳಿದರೂ, ಕಂಡವರು ಯಾರು, ಕಂಡದ್ದು ಯಾವಾಗ, ಕೇಳಿ ಹೇಳಿದ್ದೋ ಕಂಡು ಹೇಳಿದ್ದೋ ಎಂದು ಕೇಳಬೇಕು. ನಾನು ದೇವರನ್ನೂ ಪಂಚಾಂಗವನ್ನೂ ಊರಿನ ಹಿರಿಯರನ್ನೂ ಹಾಗೆ ಕೇಳಿ ಎಲ್ಲರ ಬಾಯಲ್ಲೂ ಬೈಸಿಕೊಂಡವನು. ಈಗ ಅದೇ ಪ್ರಶ್ನೆಗಳನ್ನು ನನಗೇ ಹಾಕಿಕೊಂಡು, ನಡೆದದ್ದನ್ನು ನಡೆಯದ್ದರಿಂದ ಬೇರೆ ಮಾಡಲು ನೋಡುತ್ತಿದ್ದೇನೆ.

ಮೊದಲನೆಯ ಸಲ ಹೋದದ್ದು ವಿದ್ಯಾರ್ಥಿಯಾಗಿದ್ದಾಗ, ಜೊತೆಯವರೊಂದಿಗೆ ಮದರಾಸಿಗೆ. ಮೇಲೆ ಬೇಡವೆಂದ ತಪ್ಪುಗಳನ್ನೆಲ್ಲ ಆಗ ಮಾಡಿದೆ. ಓದು ಮುಗಿದು ಮಳವಳ್ಳಿಯಲ್ಲಿ ಮೇಷ್ಟ್ರಾದೆ. ಯುದ್ಧದ ನಡುವೆ ಮದುವೆಯಾಯಿತು. ಹುಡುಗಿ ಹಲಗೂರಿನ ಕಡೆಯವಳು, ಬೇಸಾಯದ ಮನೆಯವಳು. ಅವಳು ಕಂಡಿದ್ದ ದೊಡ್ಡ ನೀರೆಂದರೆ ಮುತ್ತತ್ತಿಯ ಕಾವೇರಿ. ವರ್ಷಕ್ಕೊಮ್ಮೆ ಅಲ್ಲಿಯ ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಿ ಬರುವುದು ಅವಳ ತವರಿನ ಪದ್ಧತಿ.

"ಇಷ್ಟು ನೀರು ಓಯ್ತಾನೇ ಇದ್ಯಲ್ಲ, ಎಲ್ಗೆ ಓಯ್ತದೆ?" ಎಂದು ಅವಳು ಚಿಕ್ಕಂದಿನಿಂದ ಕೇಳುತ್ತಿದ್ದಳಂತೆ. ತಮಿಳರ ದೇಶಕ್ಕೆ ಎಂದು ಅವರಪ್ಪ ಹೇಳಿದ್ದರಂತೆ. ಆಮೇಲೆ ಸಮುದ್ರಕ್ಕೆ ಎಂದು ನಾನು ಹೇಳಿದೆ.

"ಸಮುದ್ರ ಉಪ್ಪು ಅಂತೀರಿ. ನಮ್ಮೊಳೆ ನೀರು ಸೀ ಇದ್ದದ್ದು ಅಲ್ಲೋದ್ಮೇಲೆ ಏನಾಯ್ತದೆ?"

"ಅದೂ ಉಪ್ಪಾಗ್ತದೆ."

"ಪಾಪ," ಅಂದಳು. ಆಮೇಲೆ, "ಒಂದ್ಸಲ ನೋಡ್ಬೇಕು ಕಣಿ," ಅಂದಳು.

ಅಷ್ಟೇ ಅವಳು ಕೇಳಿದ್ದು. ನಮ್ಮ ಮದುವೆಯ ದಿನಗಳಲ್ಲಿ ಅವಳು ತನಗಾಗಿ ಬೇರೇನಾದರೂ ಕೇಳಿದ ನೆನಪು ನನಗಿಲ್ಲ. ಕೇಳಿದ್ದರೂ ಮರೆತಿರಬಹುದು.

ಆಗ ಹೋಗುವ ಹಾಗಿರಲಿಲ್ಲ. ಜಪಾನಿನವರು ಬಾಂಬು ಹಾಕುತ್ತಾರೆಂದು ಜನ ಮದರಾಸು ಬಿಟ್ಟು ಓಡಿಬಂದ ಕಾಲ. ರೈಲಿನ ತುಂಬ ಸಿಪಾಯಿಗಳು. ಯುದ್ಧ ಮುಗಿಯಲಿ ಎಂದೆವು. ಅದರ ನಡುವೆ ಅವಳಿಗೆ ಚಳಿಜ್ವರ ಹಿಡಿಯಿತು. ನಮ್ಮ ಸೀಮೆಗೆ ನಾಲೆಯ ನೀರು ಬಂದಾಗ ಕಬ್ಬು ಬಂತು, ಭತ್ತ ಬಂತು, ಜ್ವರವೂ ಬಂತು. ಕ್ವಿನೈನು ಕುಡಿದರೆ ಬಿಡುವುದು, ತಿಂಗಳು ಬಿಟ್ಟು ಮತ್ತೆ ಬರುವುದು. ಮಂಡ್ಯದ ಡಾಕ್ಟರು, "ಇವರನ್ನ ಒಂದಷ್ಟು ದಿನ ಬೇರೆ ಗಾಳಿಗೆ ಕರ್ಕೊಂಡು ಹೋಗಿ, ಸಮುದ್ರದ ಕಡೆ ಆದ್ರೆ ಒಳ್ಳೇದು," ಅಂದರು. ಅಥವಾ, ಸಮುದ್ರದ ಕಡೆ ಆದೀತೇ ಎಂದು ನಾನೇ ಕೇಳಿ ಅವರು ಹೂಂ ಅಂದರೋ ಏನೋ. ಯುದ್ಧ ಮುಗಿದ ಮರುವರ್ಷದ ಬೇಸಿಗೆಗೆ ಹೊರಡುವುದೆಂದು ಗೊತ್ತಾಯಿತು. ಬೆಂಗಳೂರಿನಲ್ಲಿ ಎರಡು ದಿನ ಇದ್ದು, ಅಲ್ಲಿಂದ ಮದರಾಸು.

ಅವತ್ತಿನಿಂದ ಸಂಜೆಯಾದರೆ ಜಗಲಿಯ ಮೇಲೆ ಅವಳ ಪ್ರಶ್ನೆಗಳು. ಬೆಂಗಳೂರಿನ ಬೀದಿಯಲ್ಲಿ ತಾನೆಲ್ಲಾದರೂ ತಪ್ಪಿಹೋದರೆ ಏನು ಮಾಡಬೇಕು? ನಿಂತಲ್ಲೇ ನಿಂತಿರು, ಹುಡುಕಿಕೊಂಡು ಓಡಾಡಬೇಡ, ನಾನೇ ಬರುತ್ತೇನೆ. ಟ್ರಾಂ ಅಂದರೆ ಎಂಥದು? ರೈಲಿನ ತಮ್ಮ, ಬೀದಿಯಲ್ಲೇ ಓಡುತ್ತಾನೆ, ನಿಲ್ಲುವ ತನಕ ಇಳಿಯಬಾರದು. ಬುತ್ತಿ ಎಷ್ಟು ದಿನ ಕೆಡದು? ಒಣರೊಟ್ಟಿ ತಾಳುತ್ತದೆ, ಚಟ್ನಿಪುಡಿ ತಾಳುತ್ತದೆ, ಮೊಸರನ್ನ ಆ ಸೆಖೆಗೆ ಮಧ್ಯಾಹ್ನಕ್ಕೇ ಹುಳಿ. ಮದರಾಸಿನಲ್ಲಿ ನೀರು ಕೇಳಬೇಕಾದರೆ ತಣ್ಣಿ ಅನ್ನಬೇಕು ಎಂದು ಕಲಿಸಿದೆ.

"ಬಿಸ್ನೀರ್ಗೆ?"

"ಅದಕ್ಕೂ ತಣ್ಣಿ ಅಂತಲೇ ಬರ್ತದೆ, ಹಿಂದೆ ಇನ್ನೊಂದು ಮಾತು ಸೇರಿಸ್ತಾರೆ."

"ಬಿಸ್ನೀರ್ಗೂ ತಣ್ಣಿ ಅಂದ್ರೆ ಆ ಜನಕ್ಕೆ ನಾಲ್ಗೆ ಸುಡಾಕಿಲ್ವಾ?" ಎಂದಳು. ಒಳಗೆ ರಾಗಿ ಕೇರುತ್ತಿದ್ದ ನನ್ನ ತಾಯಿ ಮೊರ ಕೆಳಗಿಟ್ಟು ನಕ್ಕರು.

ಆ ಸಲ ಮುತ್ತತ್ತಿಗೆ ಹೋದಾಗ ಹೊಳೆಯ ಅಂಚಿನ ಮರಳಿನ ಮೇಲೆ ಅವಳನ್ನು ನಿಲ್ಲಿಸಿ ಅಲೆಗೆ ನಿಲ್ಲುವುದು ಹೇಗೆ ಎಂದು ತೋರಿಸಿದೆ. ಕಾಲು ಅಗಲಿಸು, ಮುಖ ನೀರಿನ ಕಡೆಗೆ, ಕೆಳಗೆ ನೋಡಬೇಡ. ಹೊಳೆಯಲ್ಲಿ ಅಲೆ ಎಲ್ಲಿಂದ ಬರಬೇಕು? ನಾನೇ ಪಕ್ಕದಲ್ಲಿ ನಿಂತು ಎರಡೂ ಕೈಯಲ್ಲಿ ನೀರು ತಳ್ಳುತ್ತಿದ್ದೆ. ಅವಳು ಮೊಣಕಾಲಿನವರೆಗೆ ಸೀರೆ ಎತ್ತಿ ಹಿಡಿದು, "ನೋಡ್ತಾವ್ರೆ ಯಾರಾರ, ಬುಡಿ ಅತ್ಲಾಗೆ, ಮೇಷ್ಟ್ರಿಗೆ ಉಚ್ಚು ಅಂತಾರೆ," ಎಂದು ನಕ್ಕಳು. ನನ್ನ ನೆನಪಿನ ನಗು ಇಲ್ಲಿಯದು. ಅಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಆದರೆ ಅವತ್ತು ಅವಳು ಉಟ್ಟಿದ್ದುದು ಹಳದಿ ಸೀರೆ, ಕೆಂಪಂಚಿನದಲ್ಲ.

ಕೆಂಪಂಚಿನ ಹಸಿರು ನೂಲಿನ ಸೀರೆಯನ್ನು ಮಂಡ್ಯದಲ್ಲಿ ತೆಗೆದದ್ದು ಆಮೇಲೆ. ಸಮುದ್ರಕ್ಕೆ ನೂಲಿನದೇ ಆಗಬೇಕೆಂದು ನಾನು ಹೇಳಿದ್ದರಿಂದ ಅದನ್ನು ಕೊಂಡೆವು. ಮದರಾಸಿನಲ್ಲೇ ಮೊದಲು ಉಡುವುದೆಂದು ಅವಳು ಅದರ ಮಡಿಕೆ ಬಿಚ್ಚಲಿಲ್ಲ.

ಪಂಚಾಂಗ ನೋಡಿದವರು ಒಂದು ತೊಡಕು ಹೇಳಿದರು. ಒಳ್ಳೆಯ ದಿನ ಇದ್ದದ್ದು ಶಾಲೆಯ ಪರೀಕ್ಷೆಗಳ ನಡುವೆ. ಅದು ಬಿಟ್ಟರೆ ಮೂಡಲ ದಿಕ್ಕಿನ ಪ್ರಯಾಣಕ್ಕೆ ಆ ರಜದಲ್ಲಿ ದಿನವೇ ಇಲ್ಲ. ಇದಕ್ಕೆ ನಮ್ಮವರಲ್ಲಿ ಒಂದು ದಾರಿಯುಂಟು. ಒಳ್ಳೆಯ ದಿನದಲ್ಲಿ, ಹೊರಡುವವರ ಒಂದು ಬಟ್ಟೆ, ಒಂದು ಹಿಡಿ ಅಕ್ಕಿ, ಅರಿಸಿನದ ಕೊಂಬು ಗಂಟುಕಟ್ಟಿ, ಹೋಗುವ ದಾರಿಯಲ್ಲಿರುವ ಬೇರೊಬ್ಬರ ಮನೆಯಲ್ಲಿ ಇಟ್ಟುಬರುವುದು. ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊರಟರೆ ಮನುಷ್ಯರು ಹೊರಟಂತೆ. ಆಮೇಲೆ ಬಿಡುವಾದಾಗ ಹೋಗಿ, ಗಂಟು ಎತ್ತಿಕೊಂಡು ಪ್ರಯಾಣ ಮುಂದುವರಿಸಬಹುದು. ಒಂದೇ ಕಟ್ಟಳೆ: ಹೋಗಬೇಕಾದಲ್ಲಿಗೆ ಹೋಗದೆ ಆ ಗಂಟನ್ನು ಮನೆಗೆ ಹಿಂದಕ್ಕೆ ತರುವಂತಿಲ್ಲ.

ನನ್ನ ಹೆಂಡತಿಯ ಚಿಕ್ಕಮ್ಮನ ಮನೆ ಮದ್ದೂರಿನ ರೈಲು ನಿಲ್ದಾಣದ ಹಿಂದೆಯೇ ಇತ್ತು. ಅಲ್ಲಿಡುವುದೆಂದಾಯಿತು.

"ಮದರಾಸು ಮೂಡಲು, ಮದ್ದೂರು ಬಡಗಲು. ನಿನ್ನ ಶಾಸ್ತ್ರಕ್ಕೆ ದಿಕ್ಕು ತಪ್ಪಿತಲ್ಲಮ್ಮ?" ಎಂದು ತಾಯಿಯನ್ನು ಕೆಣಕಿದೆ.

"ರೈಲು ಅಲ್ತಾನೆ ಸಿಗಾದು? ಬಾಯ್ಮುಚ್ಕಂಡು ಓಗ್ಲಾ," ಅಂದರು.

ಗಂಟಿಗೆ ಹಳೆಯ ಬಟ್ಟೆಯೊಂದನ್ನು ಹಾಕಿದರೆ ಸಾಕಾಗಿತ್ತು. ಅವಳು ಹೊಸ ಸೀರೆಯನ್ನೇ ಇಟ್ಟಳು. ಅದ್ಯಾಕೆ ಎಂದೆ. "ಮೊದ್ಲು ಒರಡಾದು ಅದೇ ಅಲ್ವಾ? ಅಳೇದು ಕಂಡ್ರೆ ಸಮುದ್ರ ಏನಂದ್ಕತ್ತದೆ?" ಅಂದಳು.

ಇದ್ದಲಿನ ಹೊಗೆಯಲ್ಲಿ ಓಡುವ ಯುದ್ಧಕಾಲದ ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮದ್ದೂರಿಗೆ ಹೋದೆ. ಚಿಕ್ಕಮ್ಮ ಮಾತ್ರ ನಾನು ಎತ್ತಿನ ಗಾಡಿಯಲ್ಲಿ ಬಂದೆನೆಂದು ಇಂದಿಗೂ ಸಾಧಿಸುತ್ತಾರೆ. ಬಾಗಿಲಲ್ಲಿ ನನ್ನನ್ನು ಕಂಡು ಅವರು ಒಳಗಿದ್ದವರಿಗೆ ಕೂಗಿ ಹೇಳಿದ್ದನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ:

"ಎಡ್ತಿ ಬುಟ್ಬುಟ್ಟು ಗಂಟು ಕರ್ಕಂಡು ಒಂಟವ್ರೆ ನೋಡ್ರಪ್ಪ ನಮ್ಮ ಅಳಿಮಯ್ಯ."

ಎಲ್ಲರೂ ನಕ್ಕರು. ಗಂಟನ್ನು ನಡುಮನೆಯ ಗೂಟಕ್ಕೆ ತೂಗುಹಾಕಿದರು.

ಪರೀಕ್ಷೆ ಮುಗಿಯುವಷ್ಟರಲ್ಲಿ ಜ್ವರ ಮತ್ತೆ ಬಂತು. ಈ ಸಲದ್ದು ಬಿಟ್ಟು ಬಿಟ್ಟು ಬರುವ ಜ್ವರವಾಗಿರಲಿಲ್ಲ. ಕ್ವಿನೈನಿಗೆ ಬಗ್ಗಲಿಲ್ಲ. ಮಂಡ್ಯದ ಡಾಕ್ಟರು ಬಂದು ನೋಡಿ, ಪ್ರಯಾಣದ ಮಾತು ಸದ್ಯಕ್ಕೆ ಬೇಡ ಅಂದರು. ಅವಳಿಗೆ ಅದು ಕೇಳಿಸಿತು.

"ಗಂಟು ಮುಂದ್ಕೋಯ್ತು, ನಾನು ಇಂದೆ ಉಳ್ಕಂಡೆ," ಅಂದಳು.

"ಆ ಸೀರೆ ತರಿಸಲೇನು? ಕಣ್ಣಿಗಾದರೂ ಕಾಣ್ತಿರಲಿ."

"ಬ್ಯಾಡಿ. ಅದು ಅಲ್ಲೇ ಇರ್ಲಿ. ಅದಿರಗಂಟ ನಾನು ದಾರೀಲಿದ್ದಂಗೆ."

ನನ್ನ ತಾಯಿಗೂ ಅದೇ ನಂಬಿಕೆ. ಹೊರಟ ಗಂಟು ಅವಳನ್ನು ಎಳೆದು ಎಬ್ಬಿಸುತ್ತದೆ ಎಂದು ಅವರು ನೆಚ್ಚಿದ್ದರು. ನನಗೆ ನಂಬಿಕೆಯಿರಲಿಲ್ಲ, ಆದರೂ ದಿನಾ ಬೆಳಿಗ್ಗೆ ಗಂಟಿನ ವಿಚಾರ ಮಾತಾಡುವವನು ನಾನೇ. ಚಿಕ್ಕಮ್ಮ ಅದನ್ನು ಗೂಟದಿಂದ ಇಳಿಸಿ ದೂಳು ಕೊಡವಿದರಂತೆ, ರೈಲಿನ ಸದ್ದಿಗೆ ಅದು ಅಲ್ಲಾಡುತ್ತದಂತೆ ಎಂದು ಹೇಳುತ್ತಿದ್ದೆ. ಅವಳು ಕೇಳುತ್ತಿದ್ದಳು. ಕಡೆಯ ದಿನಗಳಲ್ಲಿ ಅವಳ ಮಾತು ಕಡಮೆಯಾಯಿತು. ಒಂದು ಮಧ್ಯಾಹ್ನ ಕಣ್ಣು ಬಿಟ್ಟು, "ಕೆಳಕ್ಕೆ ನೋಡ್ಬಾರ್ದು, ಅಲ್ವಾ?" ಅಂದಳು.

"ನೋಡಬಾರದು. ದೂರಕ್ಕೆ ನೋಡಬೇಕು," ಅಂದೆ.

ಅದಾದ ಮೇಲೆ ಅವಳು ಎಷ್ಟು ದಿನ ಇದ್ದಳೋ ನಾನು ಹೇಳಲಾರೆ. ತೀರಿಕೊಂಡ ಬೆಳಗು ನನ್ನಲ್ಲಿ ಅರ್ಧಂಬರ್ಧ ಉಳಿದಿದೆ. ಅಂಗಳದ ತುಂಬ ಜನ, ಯಾರ ಮುಖವೂ ನೆನಪಿಲ್ಲ. ಒಂದು ಮಾತು ಮಾತ್ರ ಗೊತ್ತು. ಮುತ್ತೈದೆ ಹೋಗಿದ್ದಾಳೆ, ಒಳ್ಳೆಯ ಸೀರೆ ಕೊಡಿ ಎಂದು ಹೆಂಗಸರು ಕೇಳಿದರು. ಒಳ್ಳೆಯ ಸೀರೆ ಎಲ್ಲಿದೆಯೆಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಯಾರೋ ಮದ್ದೂರಿಗೆ ಸೈಕಲ್ ಕಳಿಸುತ್ತೇನೆಂದರು.

"ಅದ ತರಸ್ಬ್ಯಾಡಿ," ಅಂದರು ನನ್ನ ತಾಯಿ. "ಅದು ದಾರೀಲದೆ."

ಮದುವೆಯ ಸೀರೆ ಉಡಿಸಿದರು.

ಕರ್ಮಗಳೆಲ್ಲ ಮುಗಿದ ಮೇಲೆ ಚಿಕ್ಕಮ್ಮ ಬಂದರು. "ಅಳಿಮಯ್ಯ, ಆ ಗಂಟ ಏನ್ಮಾಡಾದು? ಇಲ್ಲಿಗೆ ತರಾಂಗಿಲ್ಲ. ನಮ್ಮನೇಲಿ ಇಟ್ಕಂಡು ದಿನಾ ನೋಡಾಕೂ ಆಗಾಕಿಲ್ಲ," ಅಂದರು. ಹೊಳೆಗೆ ಬಿಡೋಣವೇ ಎಂದೂ ಕೇಳಿದರು. ನಾನು ತಾಯಿಯ ಮುಖ ನೋಡಿದೆ. ಅವರು, "ಓಗ್ಬಾ ಮಗಾ," ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಹೀಗೆ, ಚಿಕ್ಕಮ್ಮನ ಮನೆಯ ಗೂಟದಿಂದ ಗಂಟು ಎತ್ತಿಕೊಂಡು, ನಾನು ಎರಡನೆಯ ಸಲ ಮದರಾಸಿಗೆ ಹೋದೆ. ಅವಳಿಗೆ ಹೇಳಿಕೊಟ್ಟದ್ದನ್ನೆಲ್ಲ ದಾರಿಯುದ್ದಕ್ಕೂ ಒಂದೂ ಬಿಡದೆ ಮಾಡಿದೆ. ಮದ್ದೂರಿನಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತು, ಮೊದಲೇ ಕೂಜದಲ್ಲಿ ನೀರು ತುಂಬಿಸಿಕೊಂಡೆ. ಮೂರನೆಯ ದರ್ಜೆಯಲ್ಲಿ ಕಿಟಕಿಯ ಪಕ್ಕ ಜಾಗ ಹಿಡಿದು ಗಂಟನ್ನು ಅಲ್ಲಿಟ್ಟು, ಅದರ ಪಕ್ಕ ನಾನು ಕೂತೆ. ಬೆಂಗಳೂರಿನಲ್ಲಿ ಎರಡು ದಿನ ಉಳಿದೆ, ಯಾಕೆಂದರೆ ನಾವು ಹಾಗೆಂದುಕೊಂಡಿದ್ದೆವು. ಮದರಾಸಿನಲ್ಲಿ ಟ್ರಾಂ ನಿಂತ ಮೇಲೆಯೇ ಇಳಿದೆ. ಹೊತ್ತು ಇಳಿಯುವ ತನಕ ಛತ್ರದಲ್ಲೇ ಇದ್ದು ಆಮೇಲೆ ಸಮುದ್ರಕ್ಕೆ ನಡೆದೆ.

ಗಂಟು ಬಿಚ್ಚಿದೆ. ಅಕ್ಕಿಗೆ ಹುಳು ಹತ್ತಿತ್ತು. ಸೀರೆ ಅಂಗಡಿಯ ಮಡಿಕೆಯಲ್ಲೇ ಇತ್ತು. ಬಿಡಿಸಿ, ಒಂದು ತುದಿಯನ್ನು ಕೈಗೆ ಸುತ್ತಿಕೊಂಡು ನೀರಿಗೆ ಬಿಟ್ಟೆ. ಅಲೆ ಅದನ್ನು ನನ್ನ ಕಾಲಿಗೆ ತಂದು ಸುತ್ತಿತು, ಮತ್ತೆ ಬಿಚ್ಚಿ ಎಳೆದುಕೊಂಡಿತು. ಮುದುಕರೊಬ್ಬರು ನಿಂತು ನೋಡಿ ತಮಿಳಿನಲ್ಲಿ ಏನೋ ಹೇಳಿದರು. ಉಪ್ಪುನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದೇನೆ ಅಂದುಕೊಂಡಿರಬೇಕು. ಕಾಲ ಕೆಳಗಿನ ಮರಳು ಜಾರಿತು. ನಾನು ದೂರಕ್ಕೆ ನೋಡಲಿಲ್ಲ. ಕೆಳಗೇ ನೋಡುತ್ತಿದ್ದೆ. ಕೆಂಪಂಚು ನೆನೆದು ಕಪ್ಪಾಗಿತ್ತು.

ನನ್ನ ಮೂರನೆಯ ನೆನಪಿನ ಸೀರೆ ಇಲ್ಲಿಯದು, ನಗು ಮುತ್ತತ್ತಿಯದು. ಎರಡನ್ನೂ ಹೊಲಿದವನು ನಾನು. ಇಷ್ಟು ಬಿಡಿಸಿ ಬರೆದ ಮೇಲೂ, ಕಣ್ಣು ಮುಚ್ಚಿದರೆ ಅವು ಬೇರೆಯಾಗುವುದಿಲ್ಲ.

ಹೋಗಿಬಂದ ಗಂಟು ಮನೆಗೆ ಬರಬಹುದು. ತಾಯಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾವಿಯ ನೀರಿನಲ್ಲಿ ಜಾಲಿಸುತ್ತೇನೆಂದರು. ಬೇಡ ಅಂದೆ. ಒರಟಾಗಿ ಒಣಗಿದ್ದ ಸೀರೆಯನ್ನು ಹಾಗೆಯೇ ಮಡಿಸಿ ಟ್ರಂಕಿನಲ್ಲಿಟ್ಟರು.

ಮರುವರ್ಷ ಮಳೆಗಾಲದಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಬೀದಿಗೆ ತೋರಣ ಕಟ್ಟಲು ಬಣ್ಣದ ಬಟ್ಟೆ ಬೇಕೆಂದು ನೆರೆಯವರು ಕೇಳಿಕೊಂಡು ಬಂದಾಗ ತಾಯಿ ಆ ಟ್ರಂಕು ತೆರೆದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು.

"ಇದ್ಯಾಕ್ಲಾ ಒದ್ದೆಯಾಗದೆ? ಈಗ್ತಾನೆ ನೀರಿಂದ ತಗ್ದಂಗದೆ."

ಮುಟ್ಟಿ ನೋಡಿದೆ. ಪಕ್ಕದ ಬಟ್ಟೆಗಳೆಲ್ಲ ಒಣಗಿದ್ದವು, ಇದೊಂದು ತಣ್ಣಗೆ ತೇವವಾಗಿತ್ತು. "ಉಪ್ಪು ಕಣಮ್ಮ. ಜಾಲಿಸಿರಲಿಲ್ಲವಲ್ಲ. ಮಳೆಗಾಲದ ಗಾಳಿಯ ತೇವವನ್ನ ಉಪ್ಪು ಎಳ್ಕೊಳ್ತದೆ," ಅಂದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೀರೆಯನ್ನು ಬಿಡಿಸಿ ನಡುಮನೆಯ ಹಗ್ಗದ ಮೇಲೆ ಹರವಿದರು. ಹೊರಗೆ ಮಕ್ಕಳು ಕೂಗುತ್ತಿದ್ದರು, ತೋರಣಕ್ಕೆ ಬಟ್ಟೆ ಬೇಗ ಕೊಡಿ ಎಂದು. ನಾವಿಬ್ಬರೂ ಅದರ ಅಂಚು ಹಿಡಿದುಕೊಂಡು ಅಲ್ಲೇ ನಿಂತಿದ್ದೆವು.