ನಿಂತು ಕಳೆ ತೆಗೆದವರು

ಎಂಬತ್ತರ ದಶಕದ ಒಂದು ಮಳೆಗಾಲವನ್ನು ನಾನು ಜೇವರ್ಗಿ ತಾಲ್ಲೂಕಿನ ತೊಗರಿ ಹೊಲಗಳಲ್ಲಿ, ಹೆಂಗಸರ ಬೆನ್ನು ನೋಡುತ್ತ ಕಳೆದೆ. ದುಡಿಯುವಾಗ ದೇಹ ಎಷ್ಟು ಬಾಗುತ್ತದೆ, ಭಾರ ಎಲ್ಲಿ ಬೀಳುತ್ತದೆ, ಕೈಯಲ್ಲಿರುವ ಸಲಕರಣೆ ಆ ಭಾರವನ್ನು ಇಳಿಸುತ್ತದೆಯೋ ಏರಿಸುತ್ತದೆಯೋ ಎಂಬುದು ನನ್ನ ಸಂಶೋಧನೆಯ ವಿಷಯ. ಕಾರ್ಖಾನೆಯ ಗಂಡಾಳುಗಳನ್ನು ಆರಿಸಿಕೊ ಎಂದು ಮಾರ್ಗದರ್ಶಕರು ಹೇಳಿದ್ದರು. ಹೊಲದ ಹೆಂಗಸರ ಬೆನ್ನುನೋವು ಇದ್ದದ್ದೇ, ಅದರಲ್ಲಿ ಸಂಶೋಧಿಸುವುದೇನಿದೆ ಎಂಬುದು ಅವರ ಮಾತು. ನಾನು ಆಳಂದದವಳು. ಹರೆಯ ಮುಗಿಯುವ ಮೊದಲೇ ಸೊಂಟ ಹಿಡಿದುಕೊಂಡು ಏಳುವವರನ್ನು ನೋಡುತ್ತ ಬೆಳೆದವಳು. ಆ 'ಇದ್ದದ್ದೇ' ನನಗೆ ಸಿಟ್ಟು ತರಿಸಿತು. ವಿಷಯ ಬದಲಿಸುವುದಿಲ್ಲ ಎಂದು ಹೇಳಿ, ಅಳತೆಪಟ್ಟಿ, ತೂಕದ ಯಂತ್ರ ಹೊತ್ತು ನೆಲೋಗಿಯ ಬಸ್ಸು ಹತ್ತಿದೆ.

ಅಲ್ಲಿ ಕಳೆ ತೆಗೆಯುವ ಗುಂಪಿಗೆ ಮುಂದಾಳು ಒಬ್ಬ ಮುಸಲ್ಮಾನ ವಿಧವೆ. ಎತ್ತರದ ಹೆಂಗಸು, ದೊಡ್ಡ ದನಿ. ನನ್ನ ಅಳತೆಪಟ್ಟಿ ನೋಡಿ, ಕುಪ್ಪಸ ಹೊಲಿಯಲು ಬಂದಿದ್ದೀರೇನು ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಬಂದ ಕೆಲಸ ವಿವರಿಸಿದ ಮೇಲೆ ಮಾತ್ರ ನಗಲಿಲ್ಲ. ತಾನೇ ಮೊದಲು ಅಳತೆಗೆ ನಿಂತಳು. ಉಳಿದವರು ಅವಳ ಹಿಂದೆ ಬಂದರು.

ಅವರ ಕೈಯಲ್ಲಿ ಇದ್ದದ್ದು ಕಳೆ ಕೀಳುವ ಗೇಣುದ್ದದ ಖುರ್ಪಿ. ಅದನ್ನು ಹಿಡಿದರೆ ದಿನವಿಡೀ ಬಗ್ಗಬೇಕು. ನಾನು ಜೇವರ್ಗಿಯ ಕಮ್ಮಾರನಿಂದ ಉದ್ದ ಹಿಡಿಕೆಯ ಕಳೆಗುದ್ದಲಿ ಮಾಡಿಸಿದೆ. ಮೊದಲು ಮಾಡಿಸಿದ್ದು ಪುಸ್ತಕದ ಅಳತೆಗೆ, ಅಂದರೆ ಗಂಡಸಿನ ಅಳತೆಗೆ. ಅದು ಹೆಂಗಸರ ಪಕ್ಕೆಗೆ ಬಡಿಯುತ್ತಿತ್ತು. ಇವರ ಮೈಯಳತೆ ಹಿಡಿದು ಹಿಡಿಕೆ ಕತ್ತರಿಸಿದಾಗ ಸರಿಹೋಯಿತು. ಒಂದು ಬೆಳಿಗ್ಗೆ ಆ ಹೊಲದಲ್ಲಿ ಹೆಂಗಸರ ಸಾಲು ನೆಟ್ಟಗೆ ನಿಂತು ಕಳೆ ತೆಗೆಯಿತು. ನಾಡಿ ಹಿಡಿದು ನೋಡಿದೆ. ಬಗ್ಗಿದಾಗಿನ ಬಡಿತಕ್ಕಿಂತ ಎಷ್ಟೋ ನಿಧಾನವಾಗಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಹೊಲದ ಸಾವ್ಕಾರರು ಫಟಫಟಿ ಮೋಟಾರುಸೈಕಲ್ಲಿನ ಮೇಲೆ ಬಂದರು. ನಿಂತ ಸಾಲನ್ನು ನೋಡಿದವರೇ ನನ್ನ ಕಡೆ ತಿರುಗಿದರು.

"ನನ್ನ ಆಳಿಗಿ ಮೈಗಳ್ಳತನ ಕಲಿಸಾಕತ್ತೀರೇನ್ರಿ ಬಾಯಾರ?"

ಕಳೆ ಹೋಗಿ ಚೊಕ್ಕವಾದ ಸಾಲುಗಳನ್ನು ತೋರಿಸಿದೆ. ಅವರು ನೋಡಲಿಲ್ಲ. ರಸ್ತೆಯಿಂದ ನೋಡಿದರೆ ಬಗ್ಗಿದ ಬೆನ್ನು ಕಾಣಬೇಕು, ಆಗ ಕೆಲಸ ನಡೆದಿದೆ ಎಂದು ತಿಳಿಯುತ್ತದೆ, ನಿಂತವರನ್ನು ಹೇಗೆ ನಂಬುವುದು ಎಂದರು. ಖುರ್ಪಿ ಹಿಡಿಯಿರಿ, ಇಲ್ಲದಿದ್ದರೆ ಹೊಲ ಬಿಡಿ ಎಂದು ಹೆಂಗಸರಿಗೆ ಹೇಳಿದರು.

ಮುಂದಾಳು ಹಿಡಿಕೆ ಬಿಡಲಿಲ್ಲ. ದನಿ ಏರಿಸಲೂ ಇಲ್ಲ.

"ಸಾವ್ಕಾರ್ರ, ನಿಮಗ ಕಳೆ ಹೋಗಬೇಕೋ, ನಾವು ಬಗ್ಗಿದ್ದು ನೋಡಬೇಕೋ? ಒಂದು ಹೇಳ್ರಿ."

ಅವರು ಖುರ್ಪಿಗಳತ್ತ ಬೆರಳು ಮಾಡಿದರು. ಅವಳು ಬದುವಿಗೆ ನಡೆದು ಕುಳಿತು ರೊಟ್ಟಿಯ ಗಂಟು ಬಿಚ್ಚಿದಳು. ಒಬ್ಬೊಬ್ಬರೇ ಹೋಗಿ ಅವಳ ಪಕ್ಕ ಕುಳಿತರು. ಇಬ್ಬರು ಮಾತ್ರ ಖುರ್ಪಿ ಹಿಡಿದು ಬಗ್ಗಿದರು. ಅವರ ಮನೆಯ ಪಾಡು ಎಲ್ಲರಿಗೂ ಗೊತ್ತಿತ್ತು. ನನ್ನಿಂದಾಗಿ ಇವರ ಕೂಲಿ ಹೋಯಿತಲ್ಲ ಎಂದು ಅವಳಿಗೆ ಹೇಳಿದೆ. ರೊಟ್ಟಿ ಮುರಿದು ನನ್ನ ಕೈಗಿಟ್ಟಳು.

"ನೀವು ಸುಮ್ಕ ಉಣ್ರಿ. ಬೆನ್ನು ನಮ್ದು."

ಸಾವ್ಕಾರರು ಬೇರೆ ಆಳು ಹುಡುಕಲು ಸುತ್ತಲ ಊರಿಗೆಲ್ಲ ಅಲೆದರು. ಎಲ್ಲರ ಹೊಲದಲ್ಲೂ ಕಳೆ ಎದ್ದ ಕಾಲ ಅದು, ಯಾರೂ ಸಿಗಲಿಲ್ಲ. ಇನ್ನೊಂದು ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಕಾಲಿಡಲಾಗುವುದಿಲ್ಲ. ಮರುದಿನ ಅವರೇ ಬಂದು, ನಿಂತಾದರೂ ತೆಗೆಯಿರಿ, ಕುಳಿತಾದರೂ ತೆಗೆಯಿರಿ ಎಂದು ಗೊಣಗಿ, ನನ್ನ ಮುಖ ನೋಡದೆ ಹೋದರು. ಖುರ್ಪಿ ಹಿಡಿದಿದ್ದ ಇಬ್ಬರೂ ಅಂದು ಉದ್ದ ಹಿಡಿಕೆ ಕೇಳಿ ಪಡೆದರು.

ಪ್ರಬಂಧದಲ್ಲಿ ಆ ದಿನದ ಘಟನೆಯನ್ನೂ ಬರೆದೆ. ಜಗಳ ವಿಜ್ಞಾನವಲ್ಲ, ತೆಗೆದುಹಾಕು ಎಂದರು ಮಾರ್ಗದರ್ಶಕರು. ಬೆನ್ನು ಬಾಗಲು ಖುರ್ಪಿಯೊಂದೇ ಕಾರಣವಲ್ಲ, ನೋಡುವವರ ಕಣ್ಣೂ ಕಾರಣ, ಅದನ್ನು ಬಿಟ್ಟರೆ ನನ್ನ ಅಳತೆಗಳೆಲ್ಲ ಅರ್ಧ ಸತ್ಯ ಎಂದೆ. ಅವರು ಸಹಿ ಮಾಡದೆ ಬಹಳ ಕಾಲ ಸತಾಯಿಸಿದರು. ಜೊತೆಯವರು ಪದವಿ ಪಡೆದು ನೌಕರಿ ಸೇರಿದರು. ಒಂದು ಪುಟ ತೆಗೆದರೆ ಏನು ಹೋಗುತ್ತದೆ ಎಂದು ಮನೆಯವರೂ ಕೇಳಿದರು. ತೆಗೆಯಲಿಲ್ಲ. ಕೊನೆಗೆ ಅವರೇ ಸಹಿ ಹಾಕಿದರು, ಪದವಿ ಬಂದದ್ದು ಆ ಪುಟದೊಂದಿಗೇ.

ಆಮೇಲೆ ಅಫಜಲಪುರದ ಕಡೆ ಕೆಲಸಕ್ಕೆ ಹೋದಾಗಲೂ ಒಬ್ಬ ಜಮೀನುದಾರರು ಅದೇ ಮಾತು ಆಡಿದರು. ನಿಂತರೆ ಆಳು ಕೆಡುತ್ತದಂತೆ. ಒಂದು ಸಾಲು ಬಗ್ಗಿ ಕಳೆ ತೆಗೆದು ಬನ್ನಿ, ಆಮೇಲೆ ಮಾತಾಡೋಣ ಎಂದೆ. ಅವರು ನಕ್ಕು, ಇವಳೇನು ಹುಚ್ಚಿಯೋ ಎಂಬಂತೆ ಸುತ್ತಲಿದ್ದವರ ಕಡೆ ನೋಡಿದರು. ನಾನು ನಗಲಿಲ್ಲ. ಹೆಂಗಸರಿಗೆ ಹಿಡಿಕೆಗಳನ್ನು ಹಂಚತೊಡಗಿದೆ.