ಎಡಕ್ಕೆ ಸರಿದ ಏಳು ಉಂಗುರಗಳು

ನನ್ನ ಕಣ್ಣಿನ ಬಗ್ಗೆ ನನಗೆ ಬಹಳ ಕೊಬ್ಬಿತ್ತು. ಹೆಗ್ಗದ್ದೆ ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದೆ, ಎಂದರೆ ಲೆಕ್ಕ ಬರೆದು ಆಳುಗಳ ಕೆಲಸ ನೋಡಿಕೊಳ್ಳುವವನು. ಓದಿದ್ದು ಹೈಸ್ಕೂಲು. ಹೊಸದಾಗಿ ಕಾಫಿ ಗಿಡ ನೆಡುವ ಮೊದಲು ಗುಂಡಿ ತೋಡುವ ಜಾಗಕ್ಕೆ ಗೂಟ ಹೊಡೆಸುವುದು ನನ್ನ ಕೆಲಸಗಳಲ್ಲೊಂದು. ಬೇರೆ ರೈಟರುಗಳು ಹಗ್ಗ ಎಳೆದು ಸಾಲು ನೋಡುತ್ತಿದ್ದರು. ನಾನು ಇಳಿಜಾರಿನ ತುದಿಯಲ್ಲಿ ನಿಂತು, ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲೇ ನೋಡಿ, ಮೂರನೆಯದು ಒಂದು ಬೆರಳು ಈಚೆಗೆ ಎಂದು ಕೂಗುತ್ತಿದ್ದೆ. ಆಳುಗಳು ಗೂಟ ಕಿತ್ತು ಮತ್ತೆ ಹೊಡೆಯುತ್ತಿದ್ದರು. ಅವರು ನಿಜವಾಗಿ ಈಚೆಗೆ ಸರಿಸುತ್ತಿದ್ದರೋ, ಕಿತ್ತ ತೂತಿಗೇ ತಿರುಗಿ ಹೊಡೆಯುತ್ತಿದ್ದರೋ ಎಂಬ ಅನುಮಾನ ನನಗೆ ಬಂದದ್ದು ತೀರಾ ಈಚೆಗೆ.

ಕೆಲಸ ಬಿಟ್ಟು ಕುಂದೂರಿನ ಹತ್ತಿರ ಮನೆ ಮಾಡಿಕೊಂಡ ಮೇಲೆ ಗಾಳದ ಕೋಲು ಕಟ್ಟುವ ಹುಚ್ಚು ಹಿಡಿಯಿತು. ಫೈಬರಿನ ಬರಿಯ ಕೋಲು, ಹಿಡಿಕೆ, ದಾರ ಹಾಯುವ ಉಂಗುರಗಳು ಎಲ್ಲವೂ ಪಾರ್ಸೆಲಿನಲ್ಲಿ ಬರುತ್ತವೆ. ಕಟ್ಟುವುದನ್ನು ಮೊಬೈಲಿನಲ್ಲಿ ನೋಡಿ ಕಲಿಯಬಹುದು. ಕಷ್ಟವಿರುವುದೆಲ್ಲ ಉಂಗುರ ಕೂರಿಸುವುದರಲ್ಲಿ. ಹಿಡಿಕೆಯ ಕಡೆಯಿಂದ ನೋಡಿದರೆ ದೊಡ್ಡ ಉಂಗುರದೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು, ತುದಿಯ ತನಕ ಒಂದೇ ನೇರದಲ್ಲಿ ಕಾಣಬೇಕು. ಮೊದಲು ಟೇಪಿನಲ್ಲಿ ಹಿಡಿಸಿ, ಹಿಡಿಕೆಯ ಬಳಿ ದಾರ ಸುತ್ತುವ ರೀಲಿನಿಂದ ತುದಿಯವರೆಗೆ ಒಂದು ದಾರ ಎಳೆದು ಪರೀಕ್ಷಿಸಿ, ಆಮೇಲೆ ನೂಲು ಸುತ್ತಿ ಎಪಾಕ್ಸಿ ಅಂಟು ಬಳಿಯಬೇಕು. ಎಪಾಕ್ಸಿ ಗಟ್ಟಿಯಾಯಿತೆಂದರೆ ಮುಗಿಯಿತು. ದಾರ ಎಳೆದು ಪರೀಕ್ಷಿಸುವ ಭಾಗ ಬಂದಾಗ ನಾನು ವಿಡಿಯೋವನ್ನು ಮುಂದಕ್ಕೆ ಓಡಿಸಿದೆ. ಅದು ಕಣ್ಣಿಲ್ಲದವರಿಗೆ ಎಂದುಕೊಂಡೆ.

ಮೊದಲ ಕೋಲು ಕಟ್ಟಿದ್ದು ಹಳೆಯ ಗೆಳೆಯರೊಬ್ಬರಿಗೆ. ಸಕಲೇಶಪುರ ಪೇಟೆಯವರು. ನಮ್ಮ ಎಸ್ಟೇಟಿನ ಕಾಫಿ ಮೂಟೆ ಹೋಗುತ್ತಿದ್ದುದು ಅವರ ಲಾರಿಯಲ್ಲಿ, ಓಡಿಸುತ್ತಿದ್ದವರೂ ಅವರೇ. ನನಗೆ ಅವರು ಸಾಹೇಬರು, ಅವರಿಗೆ ನಾನು ಇಂದಿಗೂ ರೈಟ್ರು. ಭಾನುವಾರ ಪಾಳ್ಯದ ಕಡೆ ಹಿನ್ನೀರಿನ ದಂಡೆಯಲ್ಲಿ ಇಬ್ಬರೂ ಗಾಳ ಹಾಕುತ್ತಾ ಬಂದಿದ್ದೇವೆ.

ಎಪಾಕ್ಸಿ ಒಣಗಲೆಂದು ಆ ಕೋಲನ್ನು ಜಗಲಿಯಲ್ಲಿ ಎರಡು ಕುರ್ಚಿಗಳ ಮೇಲೆ ಇಟ್ಟಿದ್ದೆ. ಕಾಫಿ ತಂದ ನನ್ನ ಹೆಂಡತಿ ಅದನ್ನೇ ನೋಡುತ್ತಾ ನಿಂತಳು.

"ಇದೇನ್ರೀ, ಮರಕ್ಕೆ ಮೆಣಸಿನ್ ಬಳ್ಳಿ ಹಬ್ಬಿದಂಗೆ ಸುತ್ಕಂಡ್ ಹೋಗೈತೆ?"

ನಿನಗೆ ಮೀನು ಹುರಿಯುವುದು ಗೊತ್ತು, ಹಿಡಿಯುವುದು ಗೊತ್ತಿಲ್ಲ ಎಂದೆ. ಅವಳು ಒಳಗೆ ಹೋದ ಮೇಲೆ ಬಾಗಿ ನೋಡಿದೆ. ಏನೋ ಸ್ವಲ್ಪ ಇತ್ತು. ಬೆಳಕು ಹಾಗೆ ಬಿದ್ದಿದೆ ಎಂದು ಸಮಾಧಾನ ಮಾಡಿಕೊಂಡೆ. ಪೂರ್ತಿ ಗೊತ್ತಿರಲಿಲ್ಲ ಎಂದು ಈಗಲೂ ಹೇಳಬಲ್ಲೆ. ಆದರೆ ಒಂದು ದಾರ ತಂದು ಎಳೆದು ನೋಡಬೇಕು ಎನ್ನುವಷ್ಟು ಗೊತ್ತಿತ್ತು. ತರಲಿಲ್ಲ.

ಮೊದಲ ದಿನವೇ ಸಾಹೇಬರು ಕೋಲು ಕೈಯಲ್ಲಿ ತಿರುಚಿಕೊಳ್ಳುತ್ತದೆ, ದಾರ ಉಜ್ಜುತ್ತದೆ, ಗಾಳ ಎಡಕ್ಕೆ ಬೀಳುತ್ತದೆ ಎಂದರು. ಅಲ್ಲಿಯೇ ಒಪ್ಪಿಕೊಳ್ಳಬಹುದಿತ್ತು.

"ಕೋಲಲ್ಲ ಸಾಹೇಬ್ರೇ, ನಿಮ್ ಮಣಿಕಟ್ಟು," ಎಂದೆ. "ಘಾಟಿಲಿ ಸ್ಟೇರಿಂಗ್ ತಿರುಗ್ಸಿ ತಿರುಗ್ಸಿ ಕೈ ಎಡಕ್ಕೇ ನಿಂತ್ಬುಟ್ಟೈತೆ."

ಅವರು ನಂಬಿದರು. ನಂಬಿ ನನ್ನಿಂದಲೇ ಪಾಠ ಹೇಳಿಸಿಕೊಂಡರು. ಮಣಿಕಟ್ಟು ಬಲಕ್ಕೆ ಹೊರಳಿಸಿ, ಎಡಗಾಲು ಮುಂದಿಡಿ, ಸೊಂಟ ತಿರುಗಿಸಿ ಎಂದು ನಾನು ಹೇಳಿದೆ. ಒದೆಯುವ ಹಸುವಿನಿಂದ ಪಕ್ಕಕ್ಕೆ ಸರಿಯುವವರ ಹಾಗೆ ನಿಂತು ಎರಡು ವರ್ಷ ಎಸೆದರು. ದಂಡೆಯಲ್ಲಿ ದನ ಕಾಯುವವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಬರಬರುತ್ತಾ ಗಾಳ ನೇರಕ್ಕೇ ಬೀಳತೊಡಗಿತು. ಒಮ್ಮೆ ದೊಡ್ಡ ಕಾಟ್ಲಾ ಮೀನು ಹಿಡಿದು, ಕಲಿಸಿದವರಿಗೆ ಎಂದು ಅರ್ಧ ನನ್ನ ಮನೆಗೆ ಕಳಿಸಿದರು. ನಾನು ತಿಂದೆ.

ಕಳೆದ ವರ್ಷ ಬಲಗಣ್ಣಿನ ಪೊರೆ ತೆಗೆಸಿದೆ. ಆ ಪೊರೆ ಎಷ್ಟು ವರ್ಷದಿಂದ ಇದ್ದಿರಬಹುದು ಎಂದು ಡಾಕ್ಟರನ್ನು ಕೇಳಲಿಲ್ಲ. ಎಸ್ಟೇಟಿನ ಸಾಲುಗಳು ನೆನಪಾಗಿ ಬಾಯಿ ಬರಲಿಲ್ಲ. ಸ್ವಲ್ಪ ದಿನಕ್ಕೆ ಸಾಹೇಬರ ಕೋಲಿನ ಒಂದು ಉಂಗುರ ಮುರಿದು ರಿಪೇರಿಗೆ ಬಂತು. ಹೊಸ ಕಣ್ಣಿನಲ್ಲಿ ನೋಡಿದೆ. ಏಳು ಉಂಗುರಗಳೂ ಒಂದಕ್ಕಿಂತ ಒಂದು ಎಡಕ್ಕೆ ಜಾರಿಕೊಂಡು ಹೋಗಿದ್ದವು. ಅಂದೇ ಹೇಳಬೇಕಿತ್ತು. ನಾನು ಮಾಡಿದ್ದೇನೆಂದರೆ, ಬ್ಲೇಡು ತೆಗೆದುಕೊಂಡು ಹಳೆಯ ನೂಲನ್ನೆಲ್ಲ ಕೊಯ್ದು, ಈ ಸಲ ದಾರ ಎಳೆದು ನೋಡಿ, ಏಳನ್ನೂ ನೇರಕ್ಕೆ ಕಟ್ಟಿ, ಒಂದು ಉಂಗುರ ಹೊಸದು ಹಾಕಿದ್ದೇನೆ ಎಂದು ಕೊಟ್ಟುಬಿಟ್ಟೆ. ಯಾರಿಗೂ ತಿಳಿಯದಂತೆ ಪಾಪ ತೊಳೆದುಕೊಂಡ ಹಗುರದಲ್ಲಿ ಆ ವಾರ ಚೆನ್ನಾಗಿ ನಿದ್ದೆ ಬಂತು.

ಭಾನುವಾರ ಸಾಹೇಬರು ಎಂದಿನಂತೆ ಮಣಿಕಟ್ಟು ಹೊರಳಿಸಿ, ಸೊಂಟ ತಿರುಗಿಸಿ ಎಸೆದರು. ಗಾಳ ಬಲಗಡೆಯ ಲಂಟಾನದ ಪೊದೆಗೆ ಹೋಯಿತು. ಬಿಡಿಸಿ ಮತ್ತೆ ಎಸೆದರು. ಮತ್ತೆ ಪೊದೆ. ಮುಂದಿನ ಭಾನುವಾರವೂ ಅದೇ. ನೇರವಾದ ಕೋಲನ್ನು ಅವರು ಎರಡು ವರ್ಷ ಕಲಿತ ಸೊಟ್ಟ ಕೈಯಲ್ಲಿ ಎಸೆಯುತ್ತಿದ್ದರು. ನನಗೆ ಆ ಕ್ಷಣಕ್ಕೇ ಅರ್ಥವಾಯಿತು. ಗಾಳಿ ಜಾಸ್ತಿ ಇದೆ ಎಂದೆ. ನೀರಿನ ಮೇಲೆ ಒಂದು ಸುಕ್ಕೂ ಇರಲಿಲ್ಲ.

ಮೂರನೆಯ ಭಾನುವಾರ ಅವರು ದಂಡೆಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಸ್ಕೂಟರು ಓಡಿಸುವುದನ್ನು ಬಿಟ್ಟು ಬಸ್ಸಿನಲ್ಲಿ ಬಂದಿದ್ದರು, ಕೋಲೂ ಜೊತೆಗಿತ್ತು. ಅದನ್ನು ಗೋಡೆಗೆ ಒರಗಿಸಿ, ನೀವೇ ಇಟ್ಕಳಿ, ನನ್ನ ಗಾಳ ಮುಗೀತು ಎಂದರು. ಮಂಗಳವಾರ ಹಾಸನಕ್ಕೆ ನರದ ಡಾಕ್ಟರ ಹತ್ತಿರ ಹೋಗುವವರಿದ್ದರು.

"ನಮ್ಮ ಅಬ್ಬಾಗೂ ಇಂಗೇ ಶುರುವಾಗಿದ್ದು ರೈಟ್ರೇ. ಮೊದ್ಲು ಕೈ ಹೇಳಿದ್ ಮಾತು ಕೇಳ್ತಿರ್ಲಿಲ್ಲ. ಆಮೇಲೆ ಆ ಪಕ್ಕನೇ ಬಿದ್ದೋಯ್ತು."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಒಳಗೆ ಹೋಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಓಡಿಸಿದ ವಿಡಿಯೋ, ಬಳ್ಳಿಯ ಮಾತು, ಕಣ್ಣಿನ ಪೊರೆ, ಕದ್ದು ಕಟ್ಟಿದ ಉಂಗುರ, ಇಲ್ಲದ ಗಾಳಿ. ಹೇಳುತ್ತಾ ಹೋದಂತೆ ಇದು ಎಷ್ಟು ಸಣ್ಣ ವಿಷಯ, ಇದನ್ನು ಎಷ್ಟು ದೊಡ್ಡದು ಮಾಡಿಟ್ಟಿದ್ದೇನೆ ಎಂದು ನಾಚಿಕೆಯಾಯಿತು.

ಸಾಹೇಬರು ಬಲಗೈಯನ್ನು ಮುಂದೆ ಚಾಚಿ, ಮುಷ್ಟಿ ಬಿಗಿದು ಬಿಚ್ಚಿ, ಬಿಗಿದು ಬಿಚ್ಚಿ ನೋಡಿದರು.

"ಅಂಗಾರೆ ನನ್ ಕೈಗೆ ಏನೂ ಆಗಿಲ್ವಾ?"

"ಏನೂ ಆಗಿಲ್ಲ."

"ಹದಿನೈದು ದಿನದಿಂದ ಮನೇಲಿ ಟೀ ಲೋಟ ಎಡಗೈಲಿ ಹಿಡೀತಿದೀನಿ ಮಾರಾಯ್ರೇ. ಬೀಳುಸ್ಬುಟ್ರೆ ಹೆಂಡ್ತಿ ನೋಡ್ತಾಳೆ ಅಂತ."

ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ನನ್ನ ಹೆಂಡತಿ ತಂದ ಕಾಫಿಯನ್ನು ಬಲಗೈಯಲ್ಲಿ ಹಿಡಿದು ಪೂರ್ತಿ ಕುಡಿದರು. ಆಮೇಲೆ ಕೋಲನ್ನು ನನ್ನ ಮುಂದೆ ಇಟ್ಟರು.

"ಈ ವಯಸ್ಸಲ್ಲಿ ಇನ್ನೊಂದ್ಸಲ ಕೈ ತಿದ್ದಕ್ ಆಗಲ್ಲ. ಮೊದ್ಲು ಎಂಗಿತ್ತೋ ಅಂಗೇ ಕಟ್ಕೊಡಿ."

ಆಗ ತಿಳಿಯಿತು, ಮಾಡಿದ ತಪ್ಪನ್ನೇ ತಪ್ಪದಂತೆ ಮತ್ತೆ ಮಾಡುವುದು ಎಷ್ಟು ಕಷ್ಟ ಎಂದು. ನೇರಕ್ಕೆ ಕಟ್ಟಲು ದಾರ ಸಾಕು. ಸೊಟ್ಟಕ್ಕೆ ಕಟ್ಟಲು ಅಳತೆ ಎಲ್ಲಿದೆ? ಹಳೆಯ ನೂಲನ್ನು ಆಗಲೇ ಒಲೆಗೆ ಹಾಕಿದ್ದೆ. ಹೊಸ ನೂಲನ್ನೂ ಕೊಯ್ದು, ಟೇಪು ಸುತ್ತಿ ಏಳನ್ನೂ ಎಡಕ್ಕೆ ಸರಿಸಿದರೆ ಜಾಸ್ತಿ ಸೊಟ್ಟ, ಸ್ವಲ್ಪ ತಂದರೆ ಮತ್ತೆ ನೇರ. ಇಷ್ಟು ನಿಖರವಾಗಿ ನಾನು ಎಸ್ಟೇಟಿನಲ್ಲೂ ಕೆಲಸ ಮಾಡಿರಲಿಲ್ಲ.

ಈಗ ಭಾನುವಾರ ದಂಡೆಗೆ ಟೇಪಿನ ಸುರುಳಿಯೂ ಬರುತ್ತದೆ. ಸಾಹೇಬರು ಸೊಂಟ ತಿರುಗಿಸಿ ಎಸೆಯುತ್ತಾರೆ. ಗಾಳ ಬಿದ್ದ ಜಾಗವನ್ನು ನೋಡುತ್ತಾರೆ. ಐದನೆಯದು ಒಂದು ಕೂದಲಷ್ಟು ಎಡಕ್ಕೆ ಎನ್ನುತ್ತಾರೆ. ನಾನು ಮೊಣಕಾಲೂರಿ ಕೂತು ಟೇಪು ಬಿಚ್ಚಿ, ಸರಿಸಿ, ಮತ್ತೆ ಅಂಟಿಸುತ್ತೇನೆ. ಒಂದೊಂದು ಸಲ ಅವರು ಗಾಳ ಬಿದ್ದ ಕಡೆ ನೋಡದೆಯೇ ಹೇಳುತ್ತಾರೆ. ಆದರೂ ಸರಿಸುತ್ತೇನೆ. ನೂಲು ಸುತ್ತಲು ಅವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ಕೇಳುವ ಮುಖ ನನಗೂ ಇಲ್ಲ.